ಪ್ರತಿಧ್ವನಿ ಇಳಿಯುವವರೆಗೆ

೧೪ ಜನವರಿ ೧೯೯೯

ಅಕ್ಕ,

ಮೂರು ಭಾನುವಾರ ಫೋನ್ ಮಾಡಿದೆ, ಮೂರು ಸಲವೂ ಭಾವ ಎತ್ತಿದರು. ಮೊದಲ ವಾರ ನೀನು ಸ್ನಾನಕ್ಕೆ ಹೋಗಿದ್ದೆಯಂತೆ, ಎರಡನೆಯ ವಾರ ಸ್ಟೇಷನ್ನಿಗೆ, ಕಳೆದ ವಾರ ಪಕ್ಕದ ಮನೆಗೆ. ಪಕ್ಕದ ಮನೆಯವರ ಜೊತೆ ನಿನಗೆ ಮಾತುಕತೆಯೇ ಇಲ್ಲವೆಂದು ನನಗೆ ಗೊತ್ತಿಲ್ಲವೇ? ಭಾವನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ಪಾಪ, ತಡವರಿಸುತ್ತಾರೆ. ಈ ವರ್ಷವೂ ಬರುವುದಕ್ಕಾಗುವುದಿಲ್ಲ ಅಂದದ್ದಕ್ಕೆ ಮುಖ ಊದಿಸಿಕೊಂಡಿದ್ದೀಯ, ಅಷ್ಟೇ ತಾನೆ? ಇರಲಿ. ಫೋನಿನಲ್ಲಿ ಸಿಗದವಳು ಕಾಗದದಲ್ಲಿ ಸಿಗುತ್ತೀಯೋ ನೋಡೋಣ.

ಈಗ ಸುದ್ದಿ. ನಮ್ಮ ಉಚ್ಚಾರಣೆ ಶಾಲೆಯವರು ಸಿ.ಡಿ.ಯಲ್ಲಿ ಒಂದು ಪಾಠ ತರುತ್ತಿದ್ದಾರೆ. ಹೊರದೇಶಗಳಿಂದ ಇಲ್ಲಿಗೆ ಕೆಲಸಕ್ಕೆ ಬಂದ ನರ್ಸುಗಳು, ಟ್ಯಾಕ್ಸಿ ಓಡಿಸುವವರು, ಅಂಗಡಿಯಲ್ಲಿ ನಿಲ್ಲುವವರು ಮನೆಯಲ್ಲೇ ಕೂತು ಇಂಗ್ಲಿಷ್ ಸ್ವರಗಳನ್ನು ತಿದ್ದಿಕೊಳ್ಳಬೇಕು, ಅದಕ್ಕೆ. ಮಾದರಿ ದನಿಗಾಗಿ ಹನ್ನೆರಡು ಜನ ಓದಿದೆವು. ಹುಟ್ಟಿದಾಗಿನಿಂದ ಇಂಗ್ಲಿಷ್ ಮಾತಾಡಿದವರೇ ಹನ್ನೊಂದು ಜನ, ಉಳಿದವಳು ನಾನು. ಆರಿಸುವವರು ಪರದೆಯ ಆಚೆ ಕೂತು ಕೇಳಿದರು, ನನ್ನನ್ನೇ ಆರಿಸಿದರು. ಇವಳು ಕಲಿತು ಬಂದವಳು ಅಂತ ಅವರಿಗೆ ಗೊತ್ತೇ ಆಗಲಿಲ್ಲ ಅಕ್ಕ. ಖುಷಿಯಾಯಿತು. ಮನೆಗೆ ಬಂದು ಚಹಾ ಕುಡಿಯುವಾಗ ಯಾಕೋ ಅಳುವೂ ಬಂತು.

ಇವರ ಗುಟ್ಟು ಏನು ಗೊತ್ತೇ? ನುಂಗುವುದು. ನಾವು ‘ಬನಾನಾ’ ಅನ್ನುವಾಗ ಮೂರು ಸ್ವರಕ್ಕೂ ಎಲೆ ಹಾಕಿ ಬಡಿಸುತ್ತೇವೆ. ಇವರು ನಡುವಿನದಕ್ಕೆ ಮಾತ್ರ ಊಟ ಹಾಕಿ, ಆಚೀಚೆಯವನ್ನು ಉಪವಾಸ ಕೆಡವುತ್ತಾರೆ. ಆ ಉಪವಾಸದ ಸ್ವರ ಬಾಯಿಯ ನಟ್ಟನಡುವೆ ಹುಟ್ಟುತ್ತದೆ, ನಾಲಿಗೆ ಎತ್ತಲೂ ಹೊರಳುವುದಿಲ್ಲ. ನಮ್ಮ ಅಕ್ಷರಮಾಲೆಯಲ್ಲಿ ಅದಕ್ಕೊಂದು ಅಕ್ಷರವೂ ಇಲ್ಲ. ನಾನು ಅದನ್ನು ಸೋಮಾರಿ ಸ್ವರ ಅನ್ನುತ್ತೇನೆ. ಅದನ್ನು ಕಲಿಸಿಯೇ ನನ್ನ ಹೊಟ್ಟೆ ತುಂಬುತ್ತಿದೆ.

ಹಾಗಾಗಿ ನಿನ್ನಿಂದ ಒಂದು ಕೆಲಸ ಆಗಬೇಕು. ಪಾಠದಲ್ಲಿ ಪ್ರತಿ ಪದಕ್ಕೂ ಎರಡು ದನಿ ಇರುತ್ತದೆ, ಸರಿಯಾದದ್ದು ಒಂದು, ತಿದ್ದಿಕೊಳ್ಳಬೇಕಾದದ್ದು ಇನ್ನೊಂದು. ಎರಡನೆಯದಕ್ಕೆ ನಿನ್ನ ದನಿ ಬೇಕು. ಇದರೊಳಗೆ ಪದಗಳ ಪಟ್ಟಿ ಇಟ್ಟಿದ್ದೇನೆ, ಕ್ಯಾಸೆಟ್ಟಿನಲ್ಲಿ ಓದಿ ಕಳಿಸು. ಅಪ್ಪ ರೈಲ್ವೆ ಸ್ಟೇಷನ್ನಿನ ಮೈಕಿನಲ್ಲಿ ಹೇಳುತ್ತಿದ್ದ ಹಾಗೆಯೇ ನೀನೂ ಹೇಳುತ್ತೀಯ, ಒಂದೊಂದು ಸ್ವರವನ್ನೂ ತುಂಬಿ, ಒಂದೊಂದು ಪದ ಆದಮೇಲೂ ನಿಲ್ಲಿಸಿ. ಸ್ಟೇಷನ್ನಿನದು ದೊಡ್ಡ ಹಾಲ್, ಪ್ರತಿಧ್ವನಿ ಇಳಿಯುವ ಮೊದಲೇ ಮುಂದಿನ ಪದ ಹೇಳಿದರೆ ಎರಡೂ ಕಲಸಿಹೋಗುತ್ತವೆ ಅಂತ ಅಪ್ಪ ನಮ್ಮಿಬ್ಬರಿಗೂ ಕಲಿಸಿದ್ದರಲ್ಲ. ಪದ ಹೇಳು, ಮನಸ್ಸಿನಲ್ಲೇ ಮನೆಯವರೊಬ್ಬರ ಹೆಸರು ಕರೆ, ಆಮೇಲೆ ಮುಂದಿನ ಪದ. ಅಪ್ಪ ಅಮ್ಮನನ್ನು ಕರೆಯುತ್ತಿದ್ದರು. ನೀನು ಯಾರನ್ನು ಕರೆಯುತ್ತೀಯೆಂದು ಒಮ್ಮೆಯೂ ಬಾಯಿ ಬಿಡಲಿಲ್ಲ. ಭಾವನನ್ನೇ ಇರಬೇಕು. ನನಗಂತೂ ಇಲ್ಲಿ ಆ ನಿಲ್ಲಿಸುವ ಚಟ ಬಿಡುವುದಕ್ಕೇ ಎರಡು ವರ್ಷ ಹಿಡಿಯಿತು.

ನಿನ್ನ
ಗುಬ್ಬಿ


೩ ಫೆಬ್ರುವರಿ ೧೯೯೯

ಗುಬ್ಬಿ,

ಕಾಗದ ಬಂತು. ಭಾವ ಎರಡು ಸಲ ಓದಿದರು, ಎದುರು ಮನೆಯವರಿಗೂ ಓದಿ ಹೇಳಿದರು. ಹನ್ನೊಂದು ಜನರನ್ನು ಹಿಂದೆ ಹಾಕಿದ್ದು ಸಣ್ಣ ಮಾತಲ್ಲ. ಅಪ್ಪ ಇದ್ದಿದ್ದರೆ ಮೈಕಿನಲ್ಲಿ ಕೂಗಿಬಿಡುತ್ತಿದ್ದರು. ನನಗೆ ಎಷ್ಟು ಹೆಮ್ಮೆಯಾಯಿತೆಂದು ಹೇಳಿದರೆ ತಲೆ ತಿರುಗುತ್ತದೆ ನಿನಗೆ, ಹೇಳುವುದಿಲ್ಲ.

ಆದರೆ ತಪ್ಪಿಗೆ ಮಾದರಿಯಾಗಿ ನಾನು ಓದಬೇಕೇ? ಇಷ್ಟು ವರ್ಷ ಈ ಊರಿನ ಗಾಡಿಗಳನ್ನೆಲ್ಲ ನಾನೇ ಹೊರಡಿಸಿದ್ದೇನೆ. ನನ್ನ ಸ್ವರ ಕೇಳಿ ಒಬ್ಬನೂ ತಪ್ಪು ಗಾಡಿ ಹತ್ತಲಿಲ್ಲ. ಬೇರೆ ಯಾರನ್ನಾದರೂ ನೋಡಿಕೋ. ಮುಖ ಊದಿಸಿಕೊಂಡಿದ್ದೀಯ ಅಂದೆಯಲ್ಲ, ಹೌದು, ಹಾಗಂತಲೇ ಇಟ್ಟುಕೋ.

ಇಲ್ಲಿಯೂ ಒಂದು ಸುದ್ದಿ ಇದೆ. ನಾನು ಮೈಕು ಬಿಟ್ಟೆ. ಪೆಟ್ಟಿಗೆಯೊಂದು ಬಂದಿದೆ, ಗುಂಡಿ ಒತ್ತಿದರೆ ತಾನೇ ಹೇಳುತ್ತದೆ. ಅದರೊಳಗಿರುವವಳು ಹುಟ್ಟಾ ಇಂಗ್ಲಿಷಿನವಳು, ದನಿ ಸೊಗಸಾಗಿದೆ, ಆದರೆ ಪ್ರತಿಧ್ವನಿಗೆ ಕಾಯುವ ತಾಳ್ಮೆ ಇಲ್ಲ. ಗಡಗಡನೆ ಹೇಳಿ ಮುಗಿಸುತ್ತಾಳೆ, ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಓಡುತ್ತಾರೆ. ನನ್ನನ್ನು ಕಳೆದುಹೋದ ಸಾಮಾನುಗಳ ಕೊಠಡಿಗೆ ಹಾಕಿದ್ದಾರೆ. ಹಾಯಾಗಿದೆ. ಛತ್ರಿಗಳು, ಕನ್ನಡಕಗಳು, ಒಂದು ಹಲ್ಲಿನ ಸೆಟ್ಟು. ಹಲ್ಲು ಮರೆತು ಮನೆಗೆ ಹೋದವರು ರಾತ್ರಿ ಏನು ಮಾಡಿದರೋ. ಬಂದವರು ಬೆರಳು ತೋರಿಸುತ್ತಾರೆ, ನಾನು ಎತ್ತಿ ಕೊಡುತ್ತೇನೆ, ಮಾತೇ ಬೇಕಿಲ್ಲ.

ಇಲ್ಲಿ ನನ್ನ ಜೊತೆ ಕೆಲಸ ಮಾಡುವ ಒಬ್ಬ ಹೆಂಗಸು ಇಂಗ್ಲಿಷ್ ಕಲಿಸು ಅಂತ ಗಂಟುಬಿದ್ದಿದ್ದಾಳೆ. ನನ್ನದೇ ವಯಸ್ಸು. ನಾಲಿಗೆ ಹೊರಳುವುದಿಲ್ಲ, ಎಲ್ಲ ಸ್ವರವೂ ಒಂದೇ ಕಡೆ ಹೋಗಿ ಬೀಳುತ್ತವೆ. ನಿನ್ನ ಶಾಲೆಯಲ್ಲಿ ಅಂಥವರಿಗೆ ಏನು ಸಾಧನೆ ಮಾಡಿಸುತ್ತೀರಿ? ವಿವರವಾಗಿ ಬರೆ.

ಚಿಕ್ಕವಳಿದ್ದಾಗ ‘ಗುಬ್ಬೀ’ ಅಂತ ಕರೆದರೆ ನೀನು ‘ಬಂದೇ’ ಅಂತ ಅಲ್ಲಿಂದಲೇ ಕೂಗುತ್ತಿದ್ದೆ, ಬರುತ್ತಿರಲಿಲ್ಲ. ಈಗಲೂ ಅದೇ ಬುದ್ಧಿ. ನಾನೇನೂ ಬೇಜಾರು ಮಾಡಿಕೊಂಡಿಲ್ಲ. ಕೆಲಸ ಮುಗಿಸು.

ಅಕ್ಕ


೨೦ ಫೆಬ್ರುವರಿ ೧೯೯೯

ಅಕ್ಕ,

ಮುಖ ಊದಿಸಿಕೊಂಡಿದ್ದೇನೆ ಅಂತಲೂ ಬರೆಯುತ್ತೀಯ, ಬೇಜಾರಿಲ್ಲ ಅಂತಲೂ ಬರೆಯುತ್ತೀಯ. ಯಾವುದನ್ನು ನಂಬಲಿ? ತಪ್ಪಿನ ಮಾದರಿ ಅನ್ನುವ ಮಾತು ನಿನಗೆ ಚುಚ್ಚಿರಬೇಕು. ನಾನು ಹಾಗೆ ಯೋಚಿಸಿಯೇ ಇರಲಿಲ್ಲ. ನಿನ್ನ ದನಿ ನನ್ನ ದನಿಯ ಪಕ್ಕದಲ್ಲಿ ಇರಲಿ ಎಂಬ ಆಸೆಯಾಯಿತು, ಅಷ್ಟೇ. ಹೋಗಲಿ ಬಿಡು, ಮತ್ತೆ ಕೇಳುವುದಿಲ್ಲ.

ಮೈಕು ಬಿಟ್ಟದ್ದು ಓದಿ ನಂಬುವುದಕ್ಕಾಗಲಿಲ್ಲ. ನೀನು ಜಗಳ ಆಡಲಿಲ್ಲವೇ? ಒಂದು ಛತ್ರಿಗಾಗಿ ಕಂಡಕ್ಟರನನ್ನು ಅರ್ಧ ದಾರಿ ಬೈದವಳು ನೀನು. ಅಪ್ಪನ ಕುರ್ಚಿಯನ್ನು ಒಂದು ಪೆಟ್ಟಿಗೆಗೆ ಬಿಟ್ಟುಕೊಟ್ಟು ‘ಹಾಯಾಗಿದೆ’ ಅಂತ ಬರೆದಿದ್ದೀಯ. ನಿನಗೆ ವಯಸ್ಸಾಯಿತು ಅಕ್ಕ.

ನಿನ್ನ ಶಿಷ್ಯೆಗೆ ಸಾಧನೆ ಬರೆಯುತ್ತೇನೆ. ಕನ್ನಡಿಯ ಮುಂದೆ ಕೂರಿಸು. ‘ಈ’ ಅನ್ನುವಾಗ ನಾಲಿಗೆಯ ತುದಿ ಕೆಳಗಿನ ಹಲ್ಲಿಗೆ ತಾಗಿರಲಿ, ನಡು ಮೇಲೇಳಲಿ, ತುಟಿ ಕಿವಿಯತ್ತ ಹೋಗಲಿ. ‘ಆ’ ಅನ್ನುವಾಗ ಎರಡು ಬೆರಳು ಒಂದರ ಮೇಲೊಂದು ಹಲ್ಲುಗಳ ನಡುವೆ ಹಿಡಿಯಬೇಕು. ‘ಊ’ ಅನ್ನುವುದಕ್ಕೆ ಮೇಣದಬತ್ತಿ ಆರಿಸುವ ತುಟಿ. ಈ ಮೂರು ಬಾಯಿಯ ಮೂರು ಮೂಲೆಗಳು. ಮೂಲೆ ಮುಟ್ಟಿದರೆ ಉಳಿದ ಸ್ವರಗಳು ತಾವಾಗಿಯೇ ಜಾಗ ಹುಡುಕಿಕೊಳ್ಳುತ್ತವೆ. ಬೆಳಿಗ್ಗೆ ಎದ್ದ ಕೂಡಲೇ ಮಾಡಿಸು. ಹೆಚ್ಚಿನವರಿಗೆ ಇರುವುದು ನಾಲಿಗೆಯ ತೊಂದರೆಯಲ್ಲ, ನಾಚಿಕೆಯ ತೊಂದರೆ. ಅವಳು ಓದಿದ್ದನ್ನು ಕ್ಯಾಸೆಟ್ಟು ಮಾಡಿ ಕಳಿಸಿದರೆ ಇಲ್ಲಿನ ಯಂತ್ರದಲ್ಲಿ ಅಳೆದು ನೋಡಿ ಹೇಳುತ್ತೇನೆ. ಅದೇ ಪಟ್ಟಿ ಓದಿಸು.

ಭಾನುವಾರ ಫೋನ್ ಮಾಡುತ್ತೇನೆ. ನೀನೇ ಎತ್ತು. ಎರಡು ಮಾತು ಸಾಕು.

ಗುಬ್ಬಿ


೧೨ ಮಾರ್ಚ್ ೧೯೯೯

ಗುಬ್ಬಿ,

ಭಾನುವಾರ ಫೋನ್ ಬಡಿದುಕೊಂಡಿತು, ನಾನು ಪಕ್ಕದಲ್ಲೇ ಕೂತಿದ್ದೆ. ಎತ್ತಲಿಲ್ಲ. ಭಾವನಿಗೂ ಎತ್ತಬೇಡಿ ಅಂದೆ. ಅದು ನಿಂತಮೇಲೆ ಅವರು ನನ್ನ ಮೇಲೆ ರೇಗಿ ಎದ್ದು ಹೊರಗೆ ಹೋದರು. ನಿನಗೆ ಸುಳ್ಳು ಹೇಳುವುದು ಬೇಡ ಅಂತ ಇಷ್ಟು ಬರೆದೆ. ಕಾರಣ ಕೇಳಬೇಡ. ಕೋಪ ಅಂತಲೇ ಅಂದುಕೋ, ನನಗೂ ಅದು ಸುಲಭ.

ಶಿಷ್ಯೆ ಕನ್ನಡಿಯ ಮುಂದೆ ಕೂತಳು. ಎರಡು ಬೆರಳು ಹಲ್ಲಿನ ನಡುವೆ ಹಿಡಿದಳು, ಮೇಣದಬತ್ತಿ ಹಚ್ಚಿಟ್ಟುಕೊಂಡು ಊದಿದಳು. ಬೆಳಿಗ್ಗೆ ಸುಮಾರಾಗಿ ಬರುತ್ತದೆ. ಸಂಜೆಯ ಹೊತ್ತಿಗೆ ನಾಲಿಗೆ ಸೋತು ಬೀಳುತ್ತದೆ. ನೀರು ಕುಡಿದರೆ ನೆತ್ತಿಗೆ ಹತ್ತುತ್ತದೆ. ಮನೆಯವರಿಗೆ ಅವಳು ಹೇಳಿದ್ದರಲ್ಲಿ ಅರ್ಧ ತಿಳಿಯುತ್ತದೆ, ಉಳಿದದ್ದಕ್ಕೆ ಅವರು ಸುಮ್ಮನೆ ತಲೆಯಾಡಿಸುತ್ತಾರೆ. ತಲೆಯಾಡಿಸುವುದು ಅವಳಿಗೆ ಗೊತ್ತಾಗುತ್ತದೆ. ಆದರೂ ಬಿಡುವವಳಲ್ಲ, ನಿನ್ನ ಕಾಗದವನ್ನು ಕನ್ನಡಿಗೆ ಅಂಟಿಸಿಕೊಂಡಿದ್ದಾಳೆ.

ಅವಳು ಓದಿದ ಕ್ಯಾಸೆಟ್ಟು ಇದರ ಜೊತೆಗಿದೆ. ಒಂದೇ ಬೆಳಿಗ್ಗೆ, ಒಂದೇ ಉಸಿರಿಗೆ ಕೂತು ಓದಿದ್ದು. ಪೂರ್ತಿ ಕೇಳು. ನಡುವೆ ನಿಲ್ಲಿಸಬೇಡ. ಕೇಳಿದಮೇಲೆ ನಿನಗೆ ಏನನ್ನಿಸಿತೋ ಅದನ್ನು ಹಾಗೆಯೇ ಬರೆ.

ಅಕ್ಕ


೩೦ ಮಾರ್ಚ್ ೧೯೯೯

ಅಕ್ಕ,

ಫೋನಿನ ಪಕ್ಕದಲ್ಲೇ ಕೂತು ಎತ್ತಲಿಲ್ಲ ಅಂತ ನೀನೇ ಬರೆದಿದ್ದೀಯ. ಅದನ್ನು ಓದಿ ಎರಡು ದಿನ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ನಾನೇನು ಅಂಥ ತಪ್ಪು ಮಾಡಿದೆ? ಕಾರಣವನ್ನೂ ಕೇಳಬೇಡ ಅನ್ನುತ್ತೀಯ. ಸರಿ, ಕೇಳುವುದಿಲ್ಲ, ಫೋನೂ ಮಾಡುವುದಿಲ್ಲ. ನನಗೂ ರೋಷ ಅನ್ನುವುದಿದೆ. ಮಾತಾಡಬೇಕು ಅನ್ನಿಸಿದಾಗ ನೀನೇ ಮಾಡು.

ನಿನ್ನ ಶಿಷ್ಯೆಯ ವಿಷಯ. ಕ್ಯಾಸೆಟ್ಟಿನಲ್ಲಿ ಮೊದಲ ನಾಲ್ಕು ಪದವನ್ನು ಸ್ವರಗಳಿಗಷ್ಟೇ ಕಿವಿಗೊಟ್ಟು ಕೇಳಿದೆ, ರೆಕಾರ್ಡಿಂಗಿಗೆ ಕರೆ ಬಂತು, ಉಳಿದದ್ದನ್ನು ಸಹಾಯಕಿ ಅಳೆದಳು. ನಾವು ಪ್ರತಿ ಸ್ವರವನ್ನೂ ಯಂತ್ರಕ್ಕೆ ಕೊಟ್ಟರೆ ಅದು ಬಾಯಿಯೊಳಗೆ ಎಲ್ಲಿ ಹುಟ್ಟಿತೆಂದು ಹಾಳೆಯ ಮೇಲೆ ಒಂದು ಚುಕ್ಕೆ ಇಡುತ್ತದೆ. ಹುಟ್ಟಾ ಮಾತಾಡುವವರ ಚುಕ್ಕೆಗಳು ಹಾಳೆಯ ತುಂಬ ಹರಡಿರುತ್ತವೆ. ನಮ್ಮವರವು ಜಾಗ ತಪ್ಪಿರುತ್ತವೆ, ಆದರೂ ಮೂಲೆ ಮೂಲೆಗೆ ಹೋಗಿರುತ್ತವೆ. ಇವಳ ಚುಕ್ಕೆಗಳೆಲ್ಲ ನಟ್ಟನಡುವೆ ಒಂದರ ಮೇಲೊಂದು ಬಿದ್ದಿವೆ. ‘ಬೀಟ್’, ‘ಬ್ಯಾಟ್’, ‘ಬೂಟ್’ ಮೂರಕ್ಕೂ ಒಂದೇ ಸೋಮಾರಿ ಸ್ವರ. ಇಂಥ ಹಾಳೆಯನ್ನು ನಾನು ನೋಡಿಯೇ ಇರಲಿಲ್ಲ, ಎಲ್ಲರನ್ನೂ ಕರೆದು ತೋರಿಸಿದೆ, ನಕ್ಕೆವು. ನೀನು ಅವಳ ಮೇಲೆ ತುಂಬ ಮೃದು ಅಂತ ಕಾಣುತ್ತದೆ. ಚೆನ್ನಾಗಿ ಬೈದು ಬಾಯಿ ಬಿಡಿಸು.

ಅವಳಿಗೆ ಒಂದು ಒಳ್ಳೆಯ ಸುದ್ದಿಯೂ ಇದೆ. ಆ ಕ್ಯಾಸೆಟ್ಟನ್ನೇ ಪಾಠಕ್ಕೆ ತೆಗೆದುಕೊಂಡಿದ್ದೇವೆ. ಇಷ್ಟು ಸ್ಪಷ್ಟವಾದ ತಪ್ಪು ಹುಡುಕಿದರೂ ಸಿಗುವುದಿಲ್ಲ ಅಂದರು ನಮ್ಮ ಮುಖ್ಯಸ್ಥೆ. ಹಸಿರು ಗುಂಡಿ ಒತ್ತಿದರೆ ನನ್ನ ದನಿ, ಪಕ್ಕದಲ್ಲಿ ರೈಟ್ ಮಾರ್ಕು. ಕೆಂಪು ಗುಂಡಿ ಒತ್ತಿದರೆ ಅವಳ ದನಿ, ಪಕ್ಕದಲ್ಲಿ ಇಂಟು ಮಾರ್ಕು. ಅವಳ ಒಪ್ಪಿಗೆಯ ರುಜು ಬೇಕು, ಕಾಗದ ಇಟ್ಟಿದ್ದೇನೆ.

ಗುಬ್ಬಿ


೨೫ ಏಪ್ರಿಲ್ ೧೯೯೯

ಗುಬ್ಬಿ,

ಅವಳಿಗೆ ಹೇಳಿದೆ. ನಕ್ಕಳು. ರುಜು ಹಾಕಿದ್ದಾಳೆ, ಅಂಕುಡೊಂಕಾಗಿದೆ, ನಡೆಯುತ್ತದೆ ಅಂದುಕೊಂಡಿದ್ದೇನೆ. ಹೆಸರು ಎಲ್ಲಿಯೂ ಹಾಕಬೇಡಿ ಅಂದಳು.

ಒಂದು ಮಾತು ಕೇಳಬೇಕಿತ್ತು. ಪದ ಪದದ ನಡುವೆ ಅವಳು ನಿಲ್ಲಿಸಿದ್ದಾಳಲ್ಲ, ಅದನ್ನು ಹಾಗೆಯೇ ಇಡುತ್ತೀರೋ? ಇಟ್ಟರೆ ಒಳ್ಳೆಯದು. ಓದಿದ್ದಕ್ಕಿಂತ ನಿಲ್ಲಿಸಿದ್ದು ಚೆನ್ನಾಗಿ ಬಂದಿದೆ ಅಂತ ಅವಳ ಅಭಿಪ್ರಾಯ.

ಅಕ್ಷರ ಕೆಟ್ಟಿದೆ, ಪೆನ್ನು ಸರಿಯಿಲ್ಲ. ರೆಕಾರ್ಡಿಂಗ್ ಹೊತ್ತಿನಲ್ಲಿ ಗಂಟಲು ನೋಡಿಕೋ, ತಣ್ಣಗಿನದು ಕುಡಿಯಬೇಡ.

ಅಕ್ಕ


೯ ಜುಲೈ ೧೯೯೯

ಅಕ್ಕ,

ಅದು ನೀನು.

ಏಪ್ರಿಲಿನ ಕಾಗದಕ್ಕೆ ನಾನು ಉತ್ತರ ಬರೆಯಲಿಲ್ಲ. ನೀನಾಗಿಯೇ ಫೋನ್ ಮಾಡುವವರೆಗೂ ಸುಮ್ಮನಿರಬೇಕೆಂದು ಹಟ ಹಿಡಿದಿದ್ದೆ. ಮೇ ಹೋಯಿತು, ಜೂನ್ ಹೋಯಿತು. ನಿನಗೆ ಕೇಳಿಸಲಿ ಅಂತ ಇಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದೆ ನಾನು.

ನಿನ್ನೆ ಸಿ.ಡಿ.ಗಳು ಅಚ್ಚಾಗಿ ಬಂದವು. ಸೌಂಡ್ ಇಂಜಿನಿಯರ್ ಹಳೆಯ ಕ್ಯಾಸೆಟ್ಟುಗಳನ್ನು ಡಬ್ಬಿಗೆ ತುಂಬುತ್ತಿದ್ದ. ನಿನ್ನ ಶಿಷ್ಯೆಯದನ್ನು ಕೈಯಲ್ಲಿ ಹಿಡಿದು ಗೊಣಗಿದ, ಈ ಒಂದು ಕ್ಯಾಸೆಟ್ಟಿನ ಖಾಲಿ ಜಾಗ ಕತ್ತರಿಸುವುದಕ್ಕೇ ತನಗೆ ಅರ್ಧ ದಿನ ಹಿಡಿಯಿತಂತೆ, ಈ ಹೆಂಗಸು ಪ್ರತಿ ಪದಕ್ಕೂ ಯಾರಿಗೋ ಕಾದಂತೆ ಕಾಯುತ್ತಾಳಂತೆ. ನಾನು ಸುಮ್ಮನೆ, ನಿಜವಾಗಿ ಸುಮ್ಮನೆ, ಕ್ಯಾಸೆಟ್ಟು ಹಾಕಿ ಹೆಡ್‌ಫೋನ್ ಕಿವಿಗೆ ಇಟ್ಟುಕೊಂಡೆ. ‘ಬೀಟ್.’ ನಿಂತಿತು. ‘ಬಿಟ್.’ ನಿಂತಿತು. ಆ ದನಿ ನನಗೆ ಯಾರದ್ದೂ ಅಲ್ಲ, ಒಡೆದು ಮೂಗಿನೊಳಗೆ ಇಳಿದ ದನಿ. ಆದರೆ ಪದ ಮುಗಿದಮೇಲೆ ಬರುವ ಮೌನ ನನಗೆ ಗೊತ್ತಿತ್ತು. ಎಷ್ಟು ಹೊತ್ತು ಇರುತ್ತದೆ, ಯಾವಾಗ ಮುಗಿಯುತ್ತದೆ ಅಂತ ನನ್ನ ಮೈಗೇ ಗೊತ್ತಿತ್ತು. ಮುಂದಿನ ಪದ ಬರುವ ಮುಂಚೆಯೇ ನನ್ನ ಉಸಿರು ಅದಕ್ಕೆ ಸಿದ್ಧವಾಗುತ್ತಿತ್ತು. ಹಾಗೆ ಕಾಯುವುದು ಅಪ್ಪ, ನೀನು, ನಾನು, ಮೂವರೇ. ಅಪ್ಪ ಇಲ್ಲ, ನಾನು ಬಿಟ್ಟೆ.

ಹಿಂದಕ್ಕೆ ಸುತ್ತಿ ಮೊದಲಿನಿಂದ ಕೊನೆಯವರೆಗೂ ಕೇಳಿದೆ.

ಮನೆಗೆ ಬಂದು ಫೋನ್ ಮಾಡಿದೆ. ಭಾವ ಎತ್ತಿದರು. ‘ನಂಗೆಲ್ಲಾ ಗೊತ್ತಾಯ್ತು ಭಾವ, ಅವಳ ಕೈಗೆ ಕೊಡಿ’ ಅಂದೆ. ಅವರು ಕೊಟ್ಟರು. ನೀನು ಏನೋ ಅಂದೆ. ಇನ್ನೊಮ್ಮೆ ಅಂದೆ. ನನಗೆ ಅರ್ಥವಾಗಲಿಲ್ಲ ಅಕ್ಕ. ಊರವರ ಸ್ವರಗಳನ್ನೆಲ್ಲ ಕೇಳಿ ಅಳೆದು ಹೊಟ್ಟೆ ಹೊರೆಯುವವಳಿಗೆ ಒಡಹುಟ್ಟಿದವಳು ಹೇಳಿದ ಒಂದು ಮಾತು ತಿಳಿಯಲಿಲ್ಲ. ‘ಹೂಂ’ ಅಂದುಬಿಟ್ಟೆ. ನಾನೂ ತಲೆಯಾಡಿಸಿದೆ.

ಮಾರ್ಚಿನಲ್ಲಿ ನೀನು ಇನ್ನೂ ‘ಬೂಟ್’ ಅಂತ ಅನ್ನುವುದಕ್ಕೆ ಹೊರಟಿದ್ದೆ. ಆಗ ಫೋನ್ ಮಾಡಿದ್ದರೆ ಅರ್ಧವಾದರೂ ತಿಳಿಯುತ್ತಿತ್ತು. ಆ ಮೂರು ತಿಂಗಳು ನಾನು ರೋಷದಲ್ಲಿ ಕಳೆದೆ.

ಸಿ.ಡಿ. ಅಂಗಡಿಗೆ ಹೋಗಿಯಾಗಿದೆ. ನಿನ್ನ ದನಿಯ ಪಕ್ಕದಲ್ಲಿ ಇಂಟು ಮಾರ್ಕು ಇದೆ. ಮುಖ್ಯಸ್ಥೆಯ ಕಾಲಿಗೆ ಬಿದ್ದಾದರೂ ತೆಗೆಸುತ್ತೇನೆ. ಟಿಕೆಟ್ ಆಗಿದೆ, ಆಗಸ್ಟ್ ಮೊದಲ ವಾರ ಬರುತ್ತೇನೆ. ಈ ಸಲ ಬರುತ್ತೇನೆ.

ಗುಬ್ಬಿ


೨೪ ಜುಲೈ ೧೯೯೯

ಗುಬ್ಬಿ,

ನಾನು ಫೋನಿನಲ್ಲಿ ಅಂದದ್ದು ‘ಊಟ ಆಯ್ತಾ’ ಅಂತ. ಬೇರೇನಲ್ಲ. ಅದಕ್ಕೆ ‘ಹೂಂ’ ಸರಿಯಾದ ಉತ್ತರವೇ. ಅಳುವುದನ್ನು ನಿಲ್ಲಿಸು.

ಇದನ್ನು ಮೂರು ದಿನಗಳಿಂದ ಬರೆಯುತ್ತಿದ್ದೇನೆ, ಕೈಯೂ ಈಗ ನಾಲಿಗೆಯ ದಾರಿ ಹಿಡಿದಿದೆ. ಹೋದ ವರ್ಷದ ಕೊನೆಯಲ್ಲಿ ಮೈಕಿನಲ್ಲಿ ಒಂದು ದಿನ ನಾಲಿಗೆ ತೊದಲಿತು. ಆಯಾಸ ಅಂದುಕೊಂಡೆ. ಇನ್ನೊಂದು ದಿನ ಒಬ್ಬ ಮುದುಕ ಪ್ಲಾಟ್‌ಫಾರಂ ತಪ್ಪಿ ನಿಂತು ಗಾಡಿ ತಪ್ಪಿಸಿಕೊಂಡ. ಅವತ್ತೇ ನಾನಾಗಿ ಕುರ್ಚಿ ಬಿಟ್ಟೆ, ಆಮೇಲೆ ಪೆಟ್ಟಿಗೆ ಬಂತು. ಡಾಕ್ಟರು ಹೇಳಿದರು, ನಾಲಿಗೆ ಆಡಿಸುವ ನರಗಳು ಒಂದೊಂದಾಗಿ ಸಾಯುತ್ತವೆ, ಆಮೇಲೆ ಕೈ, ಆಮೇಲೆ ಉಳಿದದ್ದು. ಔಷಧಿ ಇಲ್ಲ ಅಂತ ಅವರು ಹೇಳುವಾಗ ಭಾವ ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತಿದ್ದರು.

ನಿನಗೆ ಬರೆಯಬೇಕೆಂದೇ ಕೂತಿದ್ದೆ. ಅಷ್ಟರಲ್ಲಿ ಮಾದರಿ ದನಿ ನಿನ್ನದು ಅಂತ ಕಾಗದ ಬಂತು. ಬರೆದಿದ್ದರೆ ನೀನು ಅದನ್ನು ಎಸೆದು ಓಡಿ ಬರುತ್ತಿದ್ದೆ. ಮನೆಯಲ್ಲಿ ಒಂದು ದನಿಯಾದರೂ ಉಳಿಯಲಿ ಅನ್ನಿಸಿತು. ಇನ್ನೊಂದು ಕಾರಣವೂ ಇದೆ. ನನಗೆ ನಿನ್ನ ಕಿವಿಯ ಭಯ. ಬೇರೆ ಯಾರು ಕೇಳಿದರೂ ಅಯ್ಯೋ ಪಾಪ ಅಂತಾರೆ, ನೀನು ಮಾತ್ರ ಎಷ್ಟು ಹೋಯಿತು, ಎಷ್ಟು ಉಳಿಯಿತು ಅಂತ ಕೇಳಿದ ತಕ್ಷಣ ಲೆಕ್ಕ ಹಾಕುತ್ತೀಯ. ನಿನ್ನ ತಲೆಯಲ್ಲಿ ಹಳೆಯ ದನಿಯೇ ಇರಲಿ ಅಂತ ಆಸೆಪಟ್ಟೆ.

ಮತ್ತೆ ಕ್ಯಾಸೆಟ್ಟು ಯಾಕೆ ಕಳಿಸಿದೆ ಅಂತ ಕೇಳುತ್ತೀಯ. ನನಗೂ ಸರಿಯಾಗಿ ಗೊತ್ತಿಲ್ಲ. ನೀನು ಗುರುತು ಹಿಡಿಯಬಾರದು ಅಂತಲೂ ಇತ್ತು, ಹಿಡಿಯಲಿ ಅಂತಲೂ ಇತ್ತು. ‘ಬೈದು ಬಾಯಿ ಬಿಡಿಸು’ ಅಂತ ನಿನ್ನ ಕಾಗದ ಬಂದ ದಿನ, ಸದ್ಯ, ಸಿಕ್ಕಿಬೀಳಲಿಲ್ಲ ಅಂದುಕೊಂಡೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಕ್ಯಾಸೆಟ್ಟನ್ನು ತೆಗೆಸಬೇಡ. ಇಷ್ಟು ವರ್ಷ ಮೈಕಿನಲ್ಲಿ ಹೇಳಿದ್ದನ್ನು ಯಾರೂ ಹಿಡಿದಿಡಲಿಲ್ಲ. ಗಾಡಿ ಹೋದಮೇಲೆ ಅನೌನ್ಸ್‌ಮೆಂಟ್ ಯಾರಿಗೆ ಬೇಕು? ಈಗ ನನಗಿರುವ ಮೈಕು ಅದೊಂದೇ. ಪಕ್ಕದಲ್ಲಿ ಇಂಟು ಮಾರ್ಕಿದ್ದರೆ ಇರಲಿ, ಆಚೆ ಪಕ್ಕದಲ್ಲಿ ನೀನಿದ್ದೀಯಲ್ಲ. ನನ್ನ ದನಿ ನಿನ್ನ ದನಿಯ ಪಕ್ಕದಲ್ಲಿರಬೇಕು ಅಂತ ನೀನೇ ಆಸೆಪಟ್ಟದ್ದು.

ನಿಲ್ಲಿಸಿದ್ದನ್ನು ಕತ್ತರಿಸಿದರು ಅಂತ ಓದಿ ಮಾತ್ರ ಬೇಜಾರಾಯಿತು. ನಾನು ಯಾರ ಹೆಸರು ಕರೆಯುತ್ತೇನೆ ಅಂತ ಕೇಳಿದ್ದೆಯಲ್ಲ. ಭಾವನದ್ದಲ್ಲ. ಅವರ ಹೆಸರು ಉದ್ದ, ಕರೆದು ಮುಗಿಸುವಷ್ಟರಲ್ಲಿ ಗಾಡಿಯೇ ಹೊರಟುಹೋಗುತ್ತದೆ. ‘ಗುಬ್ಬೀ’ ಅಂದರೆ ನಮ್ಮ ಸ್ಟೇಷನ್ನಿನ ಹಾಲಿಗೆ ಸರಿಯಾದ ಅಳತೆ. ಮೊದಲ ದಿನದಿಂದ ಅದೇ. ಎಲ್ಲ ಗಾಡಿಯ ಎಲ್ಲ ಪದಕ್ಕೂ.

ಬಾ. ಆದರೆ ಮಾತಿಗಾಗಿ ಬರಬೇಡ, ಅದು ಮುಗಿಯಿತು.

ಅಕ್ಕ


೨೧ ನವೆಂಬರ್ ೧೯೯೯

ಅಕ್ಕ,

ಇದನ್ನು ಭಾವ ಓದಿ ಹೇಳುತ್ತಾರೆ. ಅವರು ಗಡಗಡನೆ ಓದಿದರೆ ಕಣ್ಣು ಮುಚ್ಚಿಬಿಡು, ನಿಧಾನ ಮಾಡುತ್ತಾರೆ.

ಆಗಸ್ಟಿನಲ್ಲಿ ನಿನ್ನ ಜೊತೆ ಇದ್ದ ದಿನಗಳನ್ನು ಇಲ್ಲಿ ಮತ್ತೆ ಮತ್ತೆ ತೆಗೆದು ನೋಡುತ್ತಿದ್ದೇನೆ. ಸ್ಟೇಷನ್ನಿನ ಹಾಲಿನಲ್ಲಿ ನಿನ್ನ ಗಾಲಿಕುರ್ಚಿಯನ್ನು ತಳ್ಳಿಕೊಂಡು ಹೋಗಿ ಗಡಿಯಾರದ ಕೆಳಗೆ ಕೂತಿದ್ದೆವಲ್ಲ, ಪೆಟ್ಟಿಗೆಯವಳು ಗಡಗಡ ಅಂದಾಗಲೆಲ್ಲ ನೀನು ಹುಬ್ಬು ಹಾರಿಸುತ್ತಿದ್ದೆ. ನನಗೆ ನಗು ಬರುತ್ತಿತ್ತು. ನಿನ್ನ ಬೆರಳು ನನ್ನ ಅಂಗೈಯಲ್ಲಿತ್ತು. ನಾನು ಏನು ಹೇಳಿದರೂ ಅದು ಒಂದು ಸಲ ಒತ್ತುತ್ತಿತ್ತು. ಹೊರಡುವ ದಿನ ‘ಹೋಗಿ ಬರ್ತೀನಿ ಅಕ್ಕ’ ಅಂದೆ, ಬೆರಳು ಅಲ್ಲಾಡಲಿಲ್ಲ. ನೀನು ಒಪ್ಪಲಿಲ್ಲ ಅಂತ ಗೊತ್ತಾಯಿತು. ಆದರೂ ಹೋದೆ.

ಈ ವಾರ ಹೊಸ ತರಗತಿಯಲ್ಲಿ ಸಿ.ಡಿ. ಹಾಕಿದೆವು. ಹದಿನೈದು ಜನ ನರ್ಸುಗಳು. ಹಸಿರು ಗುಂಡಿ ಒತ್ತಿ ನನ್ನ ದನಿ ಕೇಳಿದರು, ಗಂಭೀರವಾಗಿ ತಲೆದೂಗಿದರು. ಕೆಂಪು ಗುಂಡಿ ಒತ್ತಿದರು, ನೀನು ‘ಬೂಟ್’ ಅಂದೆ. ಹಿಂದಿನ ಸಾಲಿನಲ್ಲಿ ಕಿಸಕ್ಕನೆ ನಕ್ಕರು. ನಗಬೇಕಾದದ್ದೇ, ಮಾರ್ಚಿನಲ್ಲಿ ನಾವು ನಕ್ಕಿರಲಿಲ್ಲವೇ. ಮುಂದಿನ ಸಾಲಿನ ಒಬ್ಬಾಕೆ ಮಾತ್ರ ನಗಲಿಲ್ಲ. ಆಸ್ಪತ್ರೆಯಲ್ಲಿ ಇಂಥವರ ಬಾಯಿಗೆ ಚಮಚದಲ್ಲಿ ಉಣಿಸಿದವಳಿರಬೇಕು. ಪಾಠ ಮುಗಿದಮೇಲೆ ಬಂದು ಮೆಲ್ಲಗೆ ಕೇಳಿದಳು, ‘ಈ ಅಮ್ಮ ಈಗ ಹೇಗಿದಾರೆ ಮೇಡಂ?’ ನಾನು ನನ್ನ ಅಕ್ಕ ಅಂದೆ. ಇಂಗ್ಲಿಷಿನಲ್ಲಿ ಹೇಳಲು ಹೊರಟು ಕನ್ನಡದಲ್ಲಿ ಹೇಳಿದೆ. ಅವಳಿಗೂ ಕನ್ನಡ ಬರುತ್ತದೆಂದು ಆಗಲೇ ಗಮನಕ್ಕೆ ಬಂದದ್ದು.

ನೀನು ತೆಗೆಸಬೇಡ ಅಂದೆ, ತೆಗೆಸಿಲ್ಲ. ಮುಂದಿನ ಮುದ್ರಣದಲ್ಲಿ ಬೇರೆ ದನಿ ಹಾಕೋಣ ಅಂತ ಮುಖ್ಯಸ್ಥೆಯೇ ಹೇಳಿದರು, ನಾನು ಬೇಡ ಅಂದೆ. ಬದಲಿಗೆ ಡಬ್ಬಿಯಿಂದ ನಿನ್ನ ಮೂಲ ಕ್ಯಾಸೆಟ್ಟನ್ನು ಕೇಳಿ ಇಸಿದುಕೊಂಡು ಬಂದೆ. ಅದರಲ್ಲಿ ಯಾರೂ ಕತ್ತರಿ ಆಡಿಸಿಲ್ಲ.

ಸಂಜೆ ಕೆಲಸದಿಂದ ಬಂದು ಬೂಟು ಬಿಚ್ಚುವ ಮೊದಲೇ ಅದನ್ನು ಹಾಕುತ್ತೇನೆ. ನೀನು ‘ಬೀಟ್’ ಅನ್ನುತ್ತೀಯ, ನಿಲ್ಲಿಸುತ್ತೀಯ. ಆ ಜಾಗದಲ್ಲಿ ನಾನು ‘ಬಂದೆ’ ಅನ್ನುತ್ತೇನೆ. ‘ಬಿಟ್’ ಅನ್ನುತ್ತೀಯ, ನಿಲ್ಲಿಸುತ್ತೀಯ. ‘ಬಂದೆ ಅಕ್ಕ’ ಅನ್ನುತ್ತೇನೆ. ನಾನು ಹೇಳಿ ಮುಗಿಸುವವರೆಗೂ ನೀನು ಕಾಯುತ್ತೀಯ, ಒಮ್ಮೆಯೂ ಅವಸರ ಮಾಡುವುದಿಲ್ಲ. ಪಟ್ಟಿ ಮುಗಿಯುವವರೆಗೂ ನೀನು ಕರೆಯುತ್ತೀಯ, ನಾನು ಇಲ್ಲಿಂದಲೇ 'ಬಂದೆ, ಬಂದೆ' ಅನ್ನುತ್ತಿರುತ್ತೇನೆ.

ಗುಬ್ಬಿ